ಹಳೆಯ ಕೈಗಡಿಯಾರದ ಅಂಟನ್ನು ತೆಗೆಯುವ ಕ್ರಮ



ರಾಯದುರ್ಗ, ಮಡಕಶಿರಗಳ ಸೀಮೆಯ ಎಷ್ಟೋ ಮನೆಗಳಲ್ಲಿ ಹಿರಿಯರು ಕಟ್ಟುತ್ತಿದ್ದ ಕೈಗಡಿಯಾರವೊಂದು ಪೆಟ್ಟಿಗೆಯ ಮೂಲೆಯಲ್ಲಿ ಭದ್ರವಾಗಿರುವುದುಂಟು. ಅವುಗಳಲ್ಲಿ ಹಲವು ನೆರೆನಾಡಿನಲ್ಲಿಯೇ ತಯಾರಾದವು. ಹಿಂದೂಸ್ತಾನ್ ಮಷೀನ್ ಟೂಲ್ಸ್ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರದ ಕಾರ್ಖಾನೆಯನ್ನು ಸ್ಥಾಪಿಸಿತು. 1978ರಲ್ಲಿ ತುಮಕೂರಿನಲ್ಲಿಯೂ ಒಂದು ಕಾರ್ಖಾನೆ ಆರಂಭವಾಯಿತು. ‘ಜನತಾ’, ‘ಪೈಲಟ್’, ‘ಸೋನಾ’ ಮೊದಲಾದ ಗಡಿಯಾರಗಳು ಜನರ ಮೆಚ್ಚುಗೆ ಪಡೆದವು. 2016ರಲ್ಲಿ ಕೇಂದ್ರ ಸರ್ಕಾರವು ಈ ಗಡಿಯಾರಗಳ ಕಂಪೆನಿಯನ್ನು ಮುಚ್ಚಲು ತೀರ್ಮಾನಿಸಿತು. ಆದುದರಿಂದ ಇಂದು ಅವುಗಳ ಒಂದು ಭಾಗ ಕೆಟ್ಟರೆ ಅಂಥದೇ ಇನ್ನೊಂದು ದೊರೆಯುವುದು ಸುಲಭವಲ್ಲ.

ಇಂತಹ ಗಡಿಯಾರಗಳ ಬೆನ್ನಿಗೆ ಅಂಗಡಿಯವರ ಬೆಲೆಚೀಟಿಯನ್ನೋ ರಿಪೇರಿಯವರ ಗುರುತಿನ ಚೀಟಿಯನ್ನೋ ಅಂಟಿಸಿರುವುದುಂಟು. ಕಾಲಕ್ರಮದಲ್ಲಿ ಕಾಗದ ಹರಿದುಹೋಗುತ್ತದೆ. ಅಂಟು ಮಾತ್ರ ಉಳಿದು, ಧೂಳನ್ನು ಹಿಡಿದು ಕಪ್ಪಾಗುತ್ತದೆ. ಇದನ್ನು ತೆಗೆಯುವುದು ಅಲ್ಪ ಕೆಲಸವೆಂದು ತೋರಬಹುದು. ಈ ಲೇಖಕನೂ ಬಾಲ್ಯದಲ್ಲಿ ಹಾಗೆಯೇ ಭಾವಿಸಿ, ತಂದೆಯವರ ಗಡಿಯಾರದ ಗಾಜಿನ ಮೇಲಿದ್ದ ಅಂಟನ್ನು ಉಗುರುಬಣ್ಣ ತೆಗೆಯುವ ದ್ರವದಿಂದ ಒರೆಸಿದನು. ನಿಮಿಷದೊಳಗೆ ಅಂಟೂ ಹೋಯಿತು, ಗಾಜಿನ ಹೊಳಪೂ ಹೋಯಿತು. ತಂದೆಯವರು ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಹೊತ್ತು ನೋಡಬೇಕಾದಾಗಲೆಲ್ಲ ಅವರು ಕೈಯನ್ನು ಬೆಳಕಿನತ್ತ ಓರೆಮಾಡಿ ಹಿಡಿಯುತ್ತಿದ್ದರು. ಆ ತಪ್ಪು ಏಕೆ ಆಯಿತೆಂಬುದನ್ನು ತಿಳಿದರೆ ಸರಿಯಾದ ಕ್ರಮವೂ ತಿಳಿಯುತ್ತದೆ.

ಹಳೆಯ ಗಡಿಯಾರಗಳಲ್ಲಿ ನಾವು ಗಾಜೆಂದು ಕರೆಯುವುದು ಬಹುಮಟ್ಟಿಗೆ ಗಾಜಲ್ಲ; ಅದು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕು. ಉಗುರುಬಣ್ಣ ತೆಗೆಯುವ ದ್ರವದಲ್ಲಿರುವ ಅಸಿಟೋನು ಅಕ್ರಿಲಿಕ್ಕನ್ನೇ ಕರಗಿಸುತ್ತದೆ. ಬಣ್ಣದ ಥಿನ್ನರು ಕೂಡ ಹಾಗೆಯೇ. ಕೈಗೆ ಹಚ್ಚುವ ಸ್ಯಾನಿಟೈಸರಿನ ಮದ್ಯಸಾರದಿಂದ ಅಕ್ರಿಲಿಕ್ಕಿನಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡಬಹುದು. ಆದುದರಿಂದ ಈ ಮೂರನ್ನೂ ಹಳೆಯ ಗಡಿಯಾರದ ಬಳಿಗೆ ತರಕೂಡದು.

ಅಂಟಿನಲ್ಲಿ ಎರಡು ಬಗೆಗಳುಂಟು. ಗೋಂದು, ಹಿಟ್ಟಿನ ಸರಿ ಮುಂತಾದವು ನೀರಿಗೆ ಒಲಿಯುವಂಥವು, ಒದ್ದೆಬಟ್ಟೆಗೆ ಮೆತ್ತಗಾಗುತ್ತವೆ. ಒತ್ತಿದರೆ ಸಾಕು, ಹಿಡಿದುಕೊಳ್ಳುವ ಈಚಿನ ಚೀಟಿಗಳ ಅಂಟು ರಬ್ಬರು ಮೊದಲಾದ ಉದ್ದ ಸರಪಳಿಯ ಅಣುಗಳಿಂದಾದುದು. ಇದಕ್ಕೆ ನೀರು ತಾಗದು; ಎಣ್ಣೆ ತಾಗುತ್ತದೆ. ಎಣ್ಣೆಯು ಆ ಸರಪಳಿಗಳ ನಡುವೆ ಮೆಲ್ಲನೆ ಇಳಿದು ಅವುಗಳ ಹಿಡಿತವನ್ನು ಸಡಿಲಿಸುತ್ತದೆ. ಅಕ್ರಿಲಿಕ್ಕಿಗಾಗಲಿ ಲೋಹಕ್ಕಾಗಲಿ ಕೇಡು ಮಾಡುವುದಿಲ್ಲ. ಇದಕ್ಕೆ ಅಂಗಡಿಯಿಂದ ಯಾವ ವಿಶೇಷ ದ್ರವವನ್ನೂ ತರಬೇಕಾಗಿಲ್ಲ. ಶೇಂಗಾ ಎನ್ನಿ, ಕಡಲೆಕಾಯಿ ಎನ್ನಿ, ನಮ್ಮ ಹೊಲದ ಬೆಳೆಯ ಎಣ್ಣೆಯೇ ಸಾಕು; ಕೊಬ್ಬರಿ ಎಣ್ಣೆಯೂ ಆಗಬಹುದು.

ಆದರೆ ಎಣ್ಣೆಯಿಂದಲೂ ಒಂದು ಅಪಾಯವುಂಟು. ದೀಪದ ಬತ್ತಿಯಲ್ಲಿ ಎಣ್ಣೆ ತಾನಾಗಿ ಏರುವಂತೆಯೇ, ಹಿಂಬದಿಯ ಮುಚ್ಚಳದ ಸಂದಿಯಲ್ಲಿಯೂ ಅದು ತಾನಾಗಿ ಒಳಸೇರುತ್ತದೆ. ಒಳಗಿನ ತೂಗುಚಕ್ರವನ್ನು ಆಡಿಸುವ ಸುರುಳಿ ಸ್ಪ್ರಿಂಗು ಕೂದಲಿನಷ್ಟು ನವುರಾದುದು. ಅದಕ್ಕೆ ಎಣ್ಣೆ ತಗುಲಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗು ಮೋಟಾದಂತಾಗುತ್ತದೆ. ಗಡಿಯಾರವು ಅತಿವೇಗದಿಂದ ಓಡತೊಡಗುತ್ತದೆ. ಎಣ್ಣೆಯನ್ನು ಎಂದಿಗೂ ಸುರಿಯಬಾರದೆನ್ನುವುದು ಇದಕ್ಕಾಗಿಯೇ.

ಇನ್ನು ಕೆಲಸದ ಕ್ರಮ. ಮೊದಲು ಕೀ ಕೊಡುವ ಗುಂಡಿಯನ್ನು ಪೂರ್ತಿಯಾಗಿ ಒಳಕ್ಕೆ ಒತ್ತಿ, ಚರ್ಮದ ಪಟ್ಟಿಯನ್ನು ಬಿಚ್ಚಿಡಬೇಕು. ಬಳಿಕ ಮೃದುವಾದ ಕುಂಚದಿಂದ ಧೂಳನ್ನು ಸರಿಸಬೇಕು. ಮೋಸ್ ಕಾಠಿನ್ಯಮಾನದಲ್ಲಿ ಮರಳಿನ ಸ್ಫಟಿಕಶಿಲೆ 7, ಅಕ್ರಿಲಿಕ್ ಸುಮಾರು 3. ಧೂಳಿದ್ದಂತೆಯೇ ಒರೆಸಿದರೆ ಬಟ್ಟೆಯೇ ಉಪ್ಪುಕಾಗದವಾಗುತ್ತದೆ. ಅನಂತರ ಚೆನ್ನಾಗಿ ಹಿಂಡಿದ ಒದ್ದೆಬಟ್ಟೆಯಿಂದ ಪ್ರಯತ್ನಿಸಬೇಕು. ಅಂಟು ಬಿಡದಿದ್ದರೆ ಹತ್ತಿಯ ತುದಿಗೆ ಒಂದೇ ಹನಿ ಎಣ್ಣೆ ತಾಗಿಸಿ, ಸಂದಿಯಿಂದ ದೂರವಾಗಿ, ಅಂಟಿನ ನಡುವಿಗೆ ಮಾತ್ರ ಸವರಿ 10 ನಿಮಿಷ ಕಾಯಬೇಕು. ಮೆತ್ತಗಾದುದನ್ನು ಬೆರಳಿನಿಂದ ಉರುಳಿಸಿ ತೆಗೆಯಬೇಕು. ಮೂಲೆಗಳಲ್ಲಿ ಬಿದಿರಿನ ಕಡ್ಡಿ ಸಾಕು. ಒಮ್ಮೆಗೆ ಹೋಗದಿದ್ದರೆ ಮತ್ತೊಮ್ಮೆ ಹೀಗೆಯೇ ಮಾಡಬೇಕು. ಕೊನೆಗೆ ತುಸು ಸಾಬೂನು ಸೋಕಿಸಿ ಹಿಂಡಿದ ಬಟ್ಟೆಯಿಂದ ಜಿಡ್ಡನ್ನು ಒರೆಸಿ, ಒಣಬಟ್ಟೆಯಿಂದ ತೇವವನ್ನು ತೆಗೆಯತಕ್ಕದ್ದು.

ಬ್ಲೇಡು, ಚಾಕು, ಉಪ್ಪುಕಾಗದಗಳನ್ನು ಮುಟ್ಟಬಾರದು. ಹಲವು ಗಡಿಯಾರಗಳ ಕವಚವು ಕ್ರೋಮಿಯಂ ಅಥವಾ ಚಿನ್ನದ ತೆಳುಲೇಪವಿರುವ ಹಿತ್ತಾಳೆ. ಲೇಪ ಹೋದರೆ ಹಿತ್ತಾಳೆ ಹೊರಬಿದ್ದು ಬೆವರಿಗೆ ಹಸಿರುಗಟ್ಟುತ್ತದೆ. ನಿವೃತ್ತಿಯ ದಿನವೋ ಮದುವೆಯ ದಿನವೋ ಬೆನ್ನಿನ ಮೇಲೆ ಕೆತ್ತಿಸಿದ ಹೆಸರು ಆ ಅಂಟಿನ ಕೆಳಗೇ ಇರಬಹುದು. ಉಜ್ಜಿ ಅಳಿಸಿದ ಅಕ್ಷರವನ್ನು ಯಾವ ಕುಶಲಿಯೂ ಮರಳಿ ತರಲಾರನು.

ಇವೆಲ್ಲಕ್ಕೂ ಮುಂಚೆ ಮಾಡಬೇಕಾದ ಕೆಲಸವೊಂದುಂಟು. ಚೀಟಿಯ ತುಣುಕು ಇನ್ನೂ ಉಳಿದಿದ್ದರೆ ಅದನ್ನು ಓದಿರಿ. ಅದರಲ್ಲಿ ಅಜ್ಜನ ಹೆಸರೋ ಊರಿನ ಹೆಸರೋ ಕನ್ನಡದಲ್ಲಿ ಬರೆದಿರಬಹುದು. ಮಡಕಶಿರವು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಚೀಟಿಯಲ್ಲಿ ‘ಮಡಕಶಿರ, ಅನಂತಪುರ ಜಿಲ್ಲೆ’ ಎಂದಿದ್ದರೆ ಅದೂ ಒಂದು ಕಾಲದ ಸಾಕ್ಷಿಯೇ. ಅದರ ಛಾಯಾಚಿತ್ರ ತೆಗೆದುಕೊಂಡು, ಬರಹವನ್ನು ನೋಟುಪುಸ್ತಕದಲ್ಲಿ ನಕಲು ಮಾಡಿ, ಮನೆಯ ಹಿರಿಯರನ್ನು ಕೇಳಿದ ಮೇಲೆಯೇ ಎಣ್ಣೆಯ ಬಟ್ಟಲನ್ನು ಕೈಗೆತ್ತಿಕೊಳ್ಳಿರಿ. ಅದು ಹಾಗೆಯೇ ಇರಲಿ ಎಂದು ಅವರು ಹೇಳಿದರೆ ಬಿಟ್ಟುಬಿಡುವುದೇ ಸರಿ.

ಹೊರಗಿನಿಂದ ಬಂದು ಅಂಟಿದುದನ್ನಷ್ಟೇ ತೆಗೆದು, ಮೊದಲಿನಿಂದ ಇದ್ದುದನ್ನು ಇದ್ದಂತೆಯೇ ಉಳಿಸುವುದು ನಿಜವಾದ ಶುಚಿ. ಅದಕ್ಕೆ ಬೇಕಾದುದು ಬಲವಲ್ಲ. ಒಂದು ಹನಿ ಎಣ್ಣೆ, 10 ನಿಮಿಷದ ತಾಳ್ಮೆ.