ಖಡಕ್ ರೊಟ್ಟಿಯ ಕ್ಯಾಲೊರಿ ಲೆಕ್ಕ

ಪ್ರತಿ ಸಲ ಊರಿಂದ ಹಾಸ್ಟೆಲ್‌ಗೆ ಹೊರಡುವಾಗ ಅವ್ವ ಇಪ್ಪತ್ತು ಖಡಕ್ ಜೋಳದ ರೊಟ್ಟಿ ಕಟ್ಟಿ ಕೊಡ್ತಾಳೆ. ಈ ಸಲ ಅರ್ಧಕ್ಕರ್ಧ ಹಾಗೇ ಉಳಿದಿದ್ದವು. ಕಾರಣ, ನನ್ನ ಮೊಬೈಲ್‌ನ ಒಂದು ಆ್ಯಪ್. 100 ಗ್ರಾಂ ಮೆತ್ತನೆ ರೊಟ್ಟಿಗಿಂತ 100 ಗ್ರಾಂ ಖಡಕ್ ರೊಟ್ಟಿಯಲ್ಲಿ ಕ್ಯಾಲೊರಿ ಜಾಸ್ತಿ ಅಂತ ಅದು ತೋರಿಸ್ತು. ತೂಕ ಇಳಿಸೋ ಹುಮ್ಮಸ್ಸಿನಲ್ಲಿದ್ದ ನಾನು ರೊಟ್ಟಿ ಬಿಟ್ಟೆ. ಸಂಜೆ ಹಸಿವಾದಾಗ ನಿಪ್ಪಟ್ಟು ತಿಂದೆ! ತಪ್ಪಿದ್ದೆಲ್ಲಿ ಅಂತ ನೋಡೋಣ.

ನೀರಿನ ಆಟ

100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 335 ಕ್ಯಾಲೊರಿ, 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು ಇರುತ್ತದೆ. ಒಂದು ರೊಟ್ಟಿಗೆ 40 ಗ್ರಾಂ ಹಿಟ್ಟು ಅಂದುಕೊಳ್ಳಿ. ಆಗ ರೊಟ್ಟಿಗೆ 134 ಕ್ಯಾಲೊರಿ, 4 ಗ್ರಾಂ ಪ್ರೋಟೀನ್, 4 ಗ್ರಾಂ ನಾರು.

ಮೆತ್ತನೆ ರೊಟ್ಟಿಯಲ್ಲಿ ನೀರೂ ಸೇರಿ ತೂಕ 60 ಗ್ರಾಂ ಅಂತಿಟ್ಟುಕೊಳ್ಳಿ. ಅದನ್ನೇ ಒಣಗಿಸಿ ಖಡಕ್ ಮಾಡಿದರೆ ಹೆಚ್ಚುಕಮ್ಮಿ 40 ಗ್ರಾಂ. 100 ಗ್ರಾಂ ಲೆಕ್ಕದಲ್ಲಿ ಮೊದಲನೆಯದು 223 ಕ್ಯಾಲೊರಿ, ಎರಡನೆಯದು 335. ಆದರೆ ಒಂದು ರೊಟ್ಟಿಯ ಲೆಕ್ಕದಲ್ಲಿ ಎರಡೂ 134! ಹೋಗಿದ್ದು ನೀರು ಮಾತ್ರ. ನೀರು ಕಡಿಮೆ ಇರೋದರಿಂದಲೇ ಬೂಷ್ಟು ಬೇಗ ಹಿಡಿಯಲ್ಲ, ವಾರಗಟ್ಟಲೆ ಇಡಬಹುದು.

ನಿಪ್ಪಟ್ಟೂ ಗರಿಗರಿನೇ, ಆದರೆ...

ನಿಪ್ಪಟ್ಟು ಕರಿಯುವಾಗಲೂ ನೀರು ಆವಿಯಾಗಿ ಹೋಗುತ್ತೆ. ವ್ಯತ್ಯಾಸ ಇಷ್ಟೇ: ಆ ಜಾಗಕ್ಕೆ ಎಣ್ಣೆ ಸೇರುತ್ತೆ. ಪಿಷ್ಟ, ಪ್ರೋಟೀನ್ ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಎಣ್ಣೆ 9 ಕೊಡುತ್ತೆ. ಅಂದರೆ 10 ಗ್ರಾಂ ಎಣ್ಣೆ ಹೀರಿಕೊಂಡರೆ 90 ಕ್ಯಾಲೊರಿ ಸೇರಿತು. ಖಡಕ್ ರೊಟ್ಟಿಗೆ ಎಣ್ಣೆಯೇ ಬೇಕಿಲ್ಲ. ಹಂಚಿನ ಮೇಲೆ ಬೇಯುತ್ತೆ.

ಹಾಗಂತ ಬರೀ ರೊಟ್ಟಿ ತಿಂದರೆ ಸಾಲದು. ಜೋಳದ ಪ್ರೋಟೀನ್‌ನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳು, ಬೇಳೆಗಳಲ್ಲಿ ಅದು ಚೆನ್ನಾಗಿದೆ. ನಮ್ಮ ಮನೇಲಿ ರೊಟ್ಟಿ ಜೊತೆ ಹೆಸರುಕಾಳು ಪಲ್ಯ ಇದ್ದೇ ಇರುತ್ತೆ. ಅವ್ವ ಲೈಸಿನ್ ಹೆಸರು ಕೇಳಿಲ್ಲ, ಆದರೆ ತಟ್ಟೆ ಸರಿಯಾಗಿಯೇ ಇದೆ.

ಇನ್ಮೇಲೆ ಯಾವುದೇ ಪ್ಯಾಕೆಟ್ ನೋಡಿದರೂ ಎರಡು ಪ್ರಶ್ನೆ ಕೇಳಿಕೊಳ್ಳಿ: ನಾನು ನಿಜವಾಗಿ ಎಷ್ಟು ಗ್ರಾಂ ತಿಂತೀನಿ? ನೀರು ಹೋದ ಜಾಗಕ್ಕೆ ಏನು ಬಂದಿದೆ?

ನಿನ್ನೆ ಅವ್ವ ಫೋನ್ ಮಾಡಿ, "ರೊಟ್ಟಿ ಮುಗದ್ವೇನು?" ಅಂದಳು. ಇನ್ನೂ ನಾಲ್ಕಿವೆ ಅಂದೆ. ಇದನ್ನು ಬರೆದು ಮುಗಿಸುವಷ್ಟರಲ್ಲಿ ಎರಡಾಗಿವೆ.