ದೂರವಾಣಿ ಮೂಲಕ ಸಮೂಹ ತರಗತಿ: ಗ್ರಾಮ ಪಂಚಾಯತ್ ಸದಸ್ಯರಿಗೊಂದು ಅಧ್ಯಯನ ಪಾಠ

ಮುಂಗಾರು ಹಿಡಿದ ಬಳಿಕ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳಲ್ಲಿ ತರಬೇತಿಗೆ ಜನರನ್ನು ಒಂದೆಡೆ ಸೇರಿಸುವುದು ಸುಲಭದ ಕೆಲಸವಲ್ಲ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಜಡ್ಕಲ್, ಮುದೂರು, ಹೊಸಂಗಡಿ, ಅಮಾಸೆಬೈಲು ಮೊದಲಾದ ಘಟ್ಟದ ಬುಡದ ಗ್ರಾಮಗಳಲ್ಲಿ ಹಳ್ಳ ತುಂಬಿದರೆ ಶಾಲೆಗೇ ರಜೆ ಸಾರುವ ಸ್ಥಿತಿಯಿರುವಾಗ, ತಾಲೂಕು ಕೇಂದ್ರದ ತರಬೇತಿಗೆ ಬರುವವರು ಯಾರು? ವೀಡಿಯೊ ಸಭೆ ಏರ್ಪಡಿಸಿದರೂ ಅದೇ ಗ್ರಾಮಗಳಲ್ಲಿ ಅಂತರ್ಜಾಲ ಕೈಕೊಡುತ್ತದೆ. ಹೀಗೆ ಎರಡು ಸಲ ಹೊರಗುಳಿಯುವವರನ್ನು ತಲುಪಲು ಸಾಮಾನ್ಯ ದೂರವಾಣಿ ಕರೆಯೊಂದು ದಾರಿಯಾಗಬಲ್ಲದು. ಧ್ವನಿ ಕರೆಗೆ ಸೆಕೆಂಡಿಗೆ ಸುಮಾರು 12 ಕಿಲೋಬಿಟ್ ಸಾಕು. ಗುಂಪಿನ ವೀಡಿಯೊಗೆ ನೂರಾರು ಕಿಲೋಬಿಟ್ ಬೇಕು. ಚಿತ್ರ ನಿಂತುಹೋಗುವ ಜಾಗದಲ್ಲೂ ಮಾತು ಕೇಳಿಸುವುದು ಈ ಕಾರಣದಿಂದ.

ಈ ವಿಧಾನ ಹೊಸದಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವು 1965ರಲ್ಲೇ ದೂರದ ಊರುಗಳ ವೈದ್ಯರಿಗಾಗಿ ದೂರವಾಣಿ ಜಾಲದ ಮೂಲಕ ಪಾಠ ಆರಂಭಿಸಿತು. ನಮ್ಮ ದೇಶದಲ್ಲಿ ಬಾಹ್ಯಾಕಾಶ ಸಂಸ್ಥೆಯು 1995ರಿಂದ ತರಬೇತಿಗೆಂದೇ ಉಪಗ್ರಹ ವಾಹಿನಿಯೊಂದನ್ನು ಒದಗಿಸಿತು. ಅದರಲ್ಲಿ ಚಿತ್ರ ಒಂದು ಕಡೆಯಿಂದ ಮಾತ್ರ ಬರುತ್ತಿತ್ತು, ಧ್ವನಿ ಎರಡೂ ಕಡೆಗೆ ಹೋಗುತ್ತಿತ್ತು. ಕಲಿಯುವವರು ತಮ್ಮ ಪ್ರಶ್ನೆಯನ್ನು ದೂರವಾಣಿಯಲ್ಲಿ ಕೇಳುತ್ತಿದ್ದರು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯ ಸ್ಯಾಟ್‌ಕಾಂ ತರಬೇತಿಗಳು ಇದೇ ಬಗೆಯವು. ತಾಲೂಕಿನ ಸಾಮರ್ಥ್ಯ ಸೌಧದಲ್ಲಿ ಪರದೆಯ ಮುಂದೆ ಕುಳಿತು ಆ ತರಗತಿ ಕೇಳಿದ ಹಿರಿಯ ಸದಸ್ಯರು ಈಗಲೂ ಪ್ರತಿ ಗ್ರಾಮದಲ್ಲಿದ್ದಾರೆ. ಆ ಏರ್ಪಾಡಿನ ದೌರ್ಬಲ್ಯವೂ ಅವರಿಗೆ ಗೊತ್ತು: ರಾಜ್ಯದ ಅನೇಕ ಕೇಂದ್ರಗಳು ಒಂದೇ ಹೊತ್ತಿಗೆ ಕೇಳುತ್ತಿರುವಾಗ ಪ್ರಶ್ನೆಗೆ ಸಿಗುವ ಸಮಯ ಅತ್ಯಲ್ಪ. ಪಾಠ ಎಲ್ಲರಿಗೆ, ಪ್ರಶ್ನೆ ಕೆಲವರಿಗೆ ಎಂಬಂತಾಗುತ್ತದೆ.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಶಿಕ್ಷಣ ಇಲಾಖೆಯ ವಿದ್ಯಾಗಮ ಕಾರ್ಯಕ್ರಮದಲ್ಲಿ ಮಕ್ಕಳನ್ನು ಮೂರು ಗುಂಪಾಗಿ ನೋಡಲಾಯಿತು: ಮನೆಯಲ್ಲಿ ಫೋನೇ ಇಲ್ಲದವರು, ಅಂತರ್ಜಾಲವಿಲ್ಲದ ಸಾದಾ ಫೋನ್ ಇದ್ದವರು, ಸ್ಮಾರ್ಟ್‌ಫೋನ್ ಇದ್ದವರು. ಈ ವಿಂಗಡಣೆ ಮಕ್ಕಳಿಗಷ್ಟೇ ಸಲ್ಲುವುದಲ್ಲ. ತಮ್ಮ ವಾರ್ಡಿನ ಮನೆಗಳನ್ನು ಸದಸ್ಯರು ಇದೇ ರೀತಿ ಒಮ್ಮೆ ವಿಂಗಡಿಸಿ ನೋಡಿದರೆ, ವಾಟ್ಸಾಪ್ ಗುಂಪಿಗೆ ಹಾಕಿದ ಸೂಚನೆ ಎಷ್ಟು ಮನೆಗೆ ತಲುಪುತ್ತದೆ ಎಂಬ ಭ್ರಮೆ ಕಳಚುತ್ತದೆ. ಎರಡನೆಯ ಗುಂಪಿನವರಿಗಾಗಿಯೇ ದೂರವಾಣಿ ತರಗತಿ ಇರುವುದು.

ತರಗತಿಯನ್ನು ಎರಡು ರೀತಿಯಲ್ಲಿ ನಡೆಸಬಹುದು. ಸಣ್ಣ ಗುಂಪಾದರೆ ಸಾಮಾನ್ಯ ಮೊಬೈಲಿನ ಕಾನ್ಫರೆನ್ಸ್ ಸೌಲಭ್ಯವೇ ಸಾಕು. ಅದರಲ್ಲಿ ಒಬ್ಬರು ಇತರ ಐವರನ್ನು ಒಂದೇ ಕರೆಗೆ ಜೋಡಿಸಬಹುದು. ಹೆಚ್ಚು ಜನರಿದ್ದರೆ ಎಲ್ಲ ಕರೆಗಳನ್ನೂ ಕೂಡಿಸುವ ಕಾನ್ಫರೆನ್ಸ್ ಸೇವೆಯೊಂದನ್ನು ಪಡೆಯಬೇಕಾಗುತ್ತದೆ. ಆಗ ಕೇಂದ್ರದಿಂದಲೇ ಪ್ರತಿಯೊಬ್ಬರಿಗೂ ಕರೆ ಹೋಗುವಂತೆ ಏರ್ಪಡಿಸುವುದು ಉತ್ತಮ. 2003ರಿಂದ ದೇಶದಲ್ಲಿ ಒಳಬರುವ ಕರೆಗೆ ಶುಲ್ಕವಿಲ್ಲ. ಕರೆ ಬಂದರೆ ಕೂಲಿಕಾರ ಮಹಿಳೆಯೂ ಖರ್ಚಿಲ್ಲದೆ ಕೇಳಬಹುದು, ಆಕೆಯೇ ಕರೆ ಮಾಡಬೇಕೆಂದರೆ ರೀಚಾರ್ಜ್ ಮುಗಿದ ದಿನ ತರಗತಿ ತಪ್ಪುತ್ತದೆ. ಸೇವೆ ಎಷ್ಟೇ ಜನರನ್ನು ತಾಳಿಕೊಳ್ಳಲಿ, ಕಲಿಕೆಯ ದೃಷ್ಟಿಯಿಂದ ಹದಿನೈದು ಮಂದಿ ಮೀರದಿರುವುದು ಲೇಸು. ಅದಕ್ಕಿಂತ ಹೆಚ್ಚಾದರೆ ಅದು ಭಾಷಣವಾಗುತ್ತದೆ, ಭಾಷಣಕ್ಕೆ ಆಕಾಶವಾಣಿ ಇದೆ.

ದೂರವಾಣಿಯಲ್ಲಿ ಕಲಿಸುವವರು ಮತ್ತು ಕಲಿಯುವವರು ತಿಳಿದಿರಬೇಕಾದ ಸೂಕ್ಷ್ಮವೊಂದಿದೆ. ಹಳೆಯ ಮಾದರಿಯ ದೂರವಾಣಿ ಮಾರ್ಗವು 300ರಿಂದ 3,400 ಹರ್ಟ್ಸ್ ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ಸ, ಶ, ಫ ಮುಂತಾದ ಅಕ್ಷರಗಳನ್ನು ಬೇರ್ಪಡಿಸಿ ಗುರುತಿಸುವ ಸದ್ದು ಬಹುಮಟ್ಟಿಗೆ ಇದಕ್ಕಿಂತ ಮೇಲಿರುತ್ತದೆ. ಆದುದರಿಂದ ಎದುರು ಕುಳಿತಾಗ ಗೊಂದಲವಾಗದ ಪದಗಳು ಫೋನಿನಲ್ಲಿ ಕಲೆಸಿಹೋಗುತ್ತವೆ. ಸಂಖ್ಯೆಗಳ ಪಾಡು ಇನ್ನೂ ಕಷ್ಟ. ಮಳೆಯ ಸದ್ದಿನ ನಡುವೆ ‘ಇಪ್ಪತ್ತು’ ಮತ್ತು ‘ಎಪ್ಪತ್ತು’ ಒಂದೇ ಆಗಿ ಕೇಳಿಸಿದರೆ ಕೇಳುವವರ ತಪ್ಪಲ್ಲ. ‘ಎರಡು ಸೊನ್ನೆ, ಇಪ್ಪತ್ತು’ ಎಂದು ಬಿಡಿಸಿ ಹೇಳಬೇಕು, ಕೇಳಿದವರಿಂದ ಮರಳಿ ಹೇಳಿಸಬೇಕು.

ಉದಾಹರಣೆಗೆ ಅಡಿಕೆಯ ಕೊಳೆರೋಗದ ಪಾಠವನ್ನು ಗಮನಿಸಬಹುದು. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಮೂರು ಅಂಕೆಗಳನ್ನು ಒಂದೇ ಉಸಿರಿನಲ್ಲಿ ಹೇಳಿದರೆ ಫೋನಿನಲ್ಲಿ ಯಾರಿಗೂ ಉಳಿಯುವುದಿಲ್ಲ. ಮೊದಲು ಎಲ್ಲರೂ ಕಾಗದ, ಪೆನ್ಸಿಲ್ ತರಲಿ. 50 ಲೀಟರ್ ನೀರಿನಲ್ಲಿ ಮೈಲುತುತ್ತು, ಬೇರೊಂದು ಪಾತ್ರೆಯ 50 ಲೀಟರ್ ನೀರಿನಲ್ಲಿ ಸುಣ್ಣ ಎಂದು ಬರೆಸಿ, ಒಬ್ಬರಿಂದ ಓದಿಸಬೇಕು. ಆಮೇಲೆ ಕ್ರಮ: ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಯಾವುದಕ್ಕೆ ಯಾವುದು ಎಂಬುದನ್ನು ಇನ್ನೊಬ್ಬರಿಂದ ಹೇಳಿಸಬೇಕು. ಪಾತ್ರೆ ಪ್ಲಾಸ್ಟಿಕ್‌ನದು ಏಕಿರಬೇಕು ಎಂಬ ಪ್ರಶ್ನೆಯನ್ನು ಕಲಿಯುವವರಿಗೇ ಬಿಡಬೇಕು. ತೋಟದ ಕೆಲಸ ಬಲ್ಲ ಯಾರಾದರೂ ಉತ್ತರಿಸುತ್ತಾರೆ. ಕೊನೆಗೆ ಪರೀಕ್ಷೆ: ಚೊಕ್ಕ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿದಾಗ ಕೆಂಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಮಾರನೆಯ ತರಗತಿಯಲ್ಲಿ ‘ಚೂರಿಯ ಬಣ್ಣ ಏನಾಯಿತು’ ಎಂದು ಕೇಳಿದರೆ ಪಾಠ ತಲುಪಿದ್ದು ಎಷ್ಟು ಎಂದು ತಿಳಿಯುತ್ತದೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ಇಂಥ ಪಾಠಕ್ಕೆ ಕೋರುವಾಗ ಸದಸ್ಯರು ಈ ಕ್ರಮವನ್ನು ಮೊದಲೇ ತಿಳಿಸಬೇಕು. ಸಭಾಂಗಣದ ಉಪನ್ಯಾಸವನ್ನೇ ಫೋನಿಗೆ ತಂದರೆ ಪ್ರಯೋಜನವಿಲ್ಲ.

ಸಮಯದ ಆಯ್ಕೆಯಲ್ಲಿ ಊರಿನ ದಿನಚರಿಯೇ ಮುಖ್ಯ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಗಂಗೊಳ್ಳಿ, ಕೋಡಿ ಭಾಗದ ಮೀನುಗಾರರು ಆಗ ಮನೆಯಲ್ಲಿರುತ್ತಾರೆ. ಅದೇ ಹೊತ್ತಿಗೆ ಒಳನಾಡಿನವರು ನಾಟಿಯ ಗದ್ದೆಯಲ್ಲಿರುತ್ತಾರೆ. ಸಂಜೆ ಹಾಲು ಕರೆದು ಡೈರಿಗೆ ಹಾಕುವ ಹೊತ್ತು ಬೇಡ. ಬೀಡಿ ಕಟ್ಟುವ ಮಹಿಳೆಯರಿಗೆ ಕೈ ಬಿಡುವಿಲ್ಲದಿದ್ದರೂ ಕಿವಿ ಬಿಡುವಿರುತ್ತದೆ. ಅವರಿಗೆ ಮಧ್ಯಾಹ್ನ ಮೂರು ಗಂಟೆಯೂ ಆದೀತು. ಚಳಿಗಾಲದಲ್ಲಿ ಆಟದ ರಾತ್ರಿಗಳನ್ನು ನೋಡಿಕೊಂಡು ದಿನ ಗೊತ್ತು ಮಾಡುವುದು ಕ್ಷೇಮ, ಮಂದಾರ್ತಿಯ ಆಟದೊಡನೆ ಸ್ಪರ್ಧಿಸಿ ಗೆದ್ದ ಇಲಾಖಾ ತರಬೇತಿ ಇಲ್ಲ. ತರಗತಿ ನಲವತ್ತು ನಿಮಿಷ ಮೀರಬಾರದು.

ಎಲ್ಲಕ್ಕಿಂತ ಗಂಭೀರವಾದ ವಿಷಯ ಫೋನ್ ಯಾರದು ಎಂಬುದು. ಸ್ವಸಹಾಯ ಸಂಘದ ಪಟ್ಟಿಯಲ್ಲಿ ಮಹಿಳೆಯ ಹೆಸರಿನ ಎದುರು ಇರುವ ಸಂಖ್ಯೆ ಗಂಡನದೋ ಮಗನದೋ ಆಗಿರುವುದು ಸಾಮಾನ್ಯ. ಕರೆ ಹೋಗುತ್ತದೆ, ಕುಂದಾಪುರ ಪೇಟೆಯಲ್ಲೋ ಬೆಂಗಳೂರಿನ ಹೋಟೆಲಿನಲ್ಲೋ ಇರುವ ಮಗ ಎತ್ತುತ್ತಾನೆ, ಹಾಜರಾತಿಯಲ್ಲಿ ತಾಯಿಯ ಹೆಸರು ದಾಖಲಾಗುತ್ತದೆ. ಕಡತದಲ್ಲಿ ತರಗತಿ ಪೂರ್ಣ, ಮನೆಯಲ್ಲಿ ಶೂನ್ಯ. ಇದನ್ನು ಕಚೇರಿಯಿಂದ ಪತ್ತೆ ಹಚ್ಚಲು ಸಾಧ್ಯವಿಲ್ಲ; ವಾರ್ಡಿನ ಸದಸ್ಯರಿಗೆ ಮಾತ್ರ ಗೊತ್ತಾಗುತ್ತದೆ. ಮೊದಲ ತರಗತಿಗೆ ಮುನ್ನ ಸದಸ್ಯರು ಮನೆಮನೆಗೆ ಹೋಗಿ, ‘ಅಕ್ಕಾ, ಮಧ್ಯಾಹ್ನ ಮೂರು ಗಂಟೆಗೆ ಈ ಫೋನ್ ನಿಮ್ಮ ಕೈಯಲ್ಲಿ ಇರ್ತದಾ?’ ಎಂದು ಕೇಳಿ ಪಟ್ಟಿ ತಿದ್ದಬೇಕು. ಇಲ್ಲವೆಂದರೆ ಅಂಗನವಾಡಿ ಅಥವಾ ಅರಿವು ಕೇಂದ್ರದಲ್ಲಿ ಮೂರು ನಾಲ್ಕು ಮಂದಿ ಒಂದು ಫೋನಿನ ಸ್ಪೀಕರ್ ಹಾಕಿ ಕುಳಿತುಕೊಳ್ಳಬಹುದು. ಒಟ್ಟಿಗೆ ಕುಳಿತವರು ಪಾಠದ ನಡುವೆ ತಮ್ಮೊಳಗೆ ಮಾತಾಡಿಕೊಳ್ಳುತ್ತಾರೆ, ಅದನ್ನು ಗದ್ದಲವೆಂದು ತಡೆಯಬೇಕಾಗಿಲ್ಲ. ಆ ಹೊತ್ತಿಗೆ ಫೋನಿನ ಧ್ವನಿಯನ್ನು ಮ್ಯೂಟ್ ಮಾಡಿದರೆ ಸಾಕು.

ಮಾತಿನ ಕ್ರಮಕ್ಕೆ ಸಂಬಂಧಿಸಿ ಎರಡು ಅಭ್ಯಾಸಗಳು ಅಗತ್ಯ. ಮುಖ ಕಾಣದಿರುವುದರಿಂದ ಪ್ರತಿಯೊಬ್ಬರೂ ಹೆಸರು, ಊರು ಹೇಳಿಯೇ ಮಾತು ಆರಂಭಿಸಬೇಕು. ಎರಡನೆಯದಾಗಿ, ‘ಯಾರಿಗಾದರೂ ಪ್ರಶ್ನೆ ಇದೆಯೇ’ ಎಂದು ಕೇಳಿದರೆ ಫೋನಿನಲ್ಲಿ ಮೌನವೇ ಉತ್ತರ. ಹೆಸರು ಹಿಡಿದು ಕರೆದು ಕೇಳಬೇಕು, ಪ್ರತಿ ಬಾರಿಯೂ ಪಟ್ಟಿಯನ್ನು ಬೇರೆ ಕಡೆಯಿಂದ ಆರಂಭಿಸಬೇಕು. ಉತ್ತರ ಕುಂದಗನ್ನಡದಲ್ಲಿ ಬರಲಿ, ತುಳುವಿನಲ್ಲಿ ಬರಲಿ, ಕೊಂಕಣಿಯಲ್ಲಿ ಬರಲಿ. ಪಾಠ ಮಾಡುವವರು ಗ್ರಂಥಭಾಷೆಯಲ್ಲಿ ಹೇಳಿದ ‘ಕ್ರಿಯಾ ಯೋಜನೆ’, ‘ಅನುಮೋದನೆ’ ಮೊದಲಾದ ಪದಗಳನ್ನು ಸ್ಥಳೀಯ ಸದಸ್ಯರು ಮನೆಮಾತಿಗೆ ತಿರುಗಿಸಿ ಹೇಳುವ ಹೊಣೆ ವಹಿಸಿಕೊಂಡರೆ ಬೇರೆ ಅನುವಾದಕರು ಬೇಕಾಗಿಲ್ಲ.

ಕಾನೂನಿನ ಮಿತಿಯನ್ನೂ ಮರೆಯುವಂತಿಲ್ಲ. ಈ ತರಗತಿ ಕಲಿಕೆಗೆ ಮಾತ್ರ. ವಾರ್ಡ್ ಸಭೆಗೂ ಗ್ರಾಮ ಸಭೆಗೂ ಅದು ಬದಲಿಯಲ್ಲ. ಫಲಾನುಭವಿಗಳ ಆಯ್ಕೆಯ ಮಾತನ್ನು ಫೋನಿನಲ್ಲಿ ಎತ್ತಬಾರದು, ಯಾರ ಕಾಯಿಲೆ, ಸಾಲ, ಆಧಾರ್ ಸಂಖ್ಯೆಯನ್ನೂ ಎಲ್ಲರ ಕಿವಿಗೆ ಬೀಳುವಂತೆ ಓದಬಾರದು. ತರಗತಿಯ ಹೆಸರಿನಲ್ಲಿ ಯಾರಾದರೂ ಓಟಿಪಿ ಅಥವಾ ಬ್ಯಾಂಕ್ ವಿವರ ಕೇಳಿದರೆ ಕೊಡಬಾರದೆಂದು ಮೊದಲ ದಿನವೇ ಹೇಳಬೇಕು. ಹಣ ಕಳೆದುಕೊಂಡವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಕರೆ ಬರುವ ಸಂಖ್ಯೆಯನ್ನು ಪಂಚಾಯತ್ ಸೂಚನಾ ಫಲಕದಲ್ಲಿ ಬರೆದು ಹಾಕಿದರೆ ಅಪರಿಚಿತ ಕರೆಯನ್ನು ಗುರುತಿಸುವುದು ಸುಲಭವಾಗುತ್ತದೆ.

ತರಗತಿ ಮುಗಿದ ಬಳಿಕ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಕೇಳಿದವರ ಹೆಸರಿನೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮಳೆಗೆ ಕರೆ ತುಂಡಾದವರಿಗೆ ಅದೇ ದಿನ ಅಥವಾ ಮಾರನೆಯ ದಿನ ಸದಸ್ಯರು ಮರುಕರೆ ಮಾಡಿ ತಪ್ಪಿದ ಭಾಗವನ್ನು ತಿಳಿಸಬೇಕು. ಮುಂದಿನ ತರಗತಿ ಆ ಪುಸ್ತಕದ ಮೊದಲ ಪ್ರಶ್ನೆಯಿಂದಲೇ ಆರಂಭವಾಗಲಿ.