ಹೊಸ ಗಣಕಯಂತ್ರವು ಚಾಲನೆಗೊಳ್ಳದಿದ್ದಾಗ: ದೋಷಶೋಧನೆಯ ಕ್ರಮ

ಬಿಡಿಭಾಗಗಳನ್ನು ಕೊಂಡು ತಂದು ಗಣಕಯಂತ್ರವೊಂದನ್ನು ಕೈಯಾರೆ ಜೋಡಿಸುವುದು ಇಂದು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ಸಾಧ್ಯವಾದ ಕೆಲಸ. ಆದರೆ ಜೋಡಣೆ ಮುಗಿದು ಗುಂಡಿಯನ್ನು ಒತ್ತಿದಾಗ ಪರದೆಯು ಕತ್ತಲಾಗಿಯೇ ಉಳಿದರೆ ಮುಂದೇನು ಮಾಡತಕ್ಕದ್ದೆಂಬುದನ್ನು ಬಲ್ಲವರು ವಿರಳ. ನಮ್ಮ ಪ್ರಯೋಗಶಾಲೆಯಲ್ಲಿ ನಡೆದ ಒಂದು ಪ್ರಸಂಗವನ್ನು ನಿಮಿತ್ತವಾಗಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಹಳೆಯ ವಿದ್ಯಾರ್ಥಿಗಳು ನೀಡಿದ ಹಣದಿಂದ ತರಿಸಿದ ಭಾಗಗಳನ್ನು ಒಂಬತ್ತನೆಯ ತರಗತಿಯ ನಾಲ್ವರು ಹುಡುಗರು ಒಂದು ಶನಿವಾರ ಮಧ್ಯಾಹ್ನ ಜೋಡಿಸಿದರು. ಗುಂಡಿ ಒತ್ತಿದಾಗ ಫ್ಯಾನುಗಳು ತಿರುಗಿದವು. ಪರದೆಯ ಮೇಲೆ ಮಾತ್ರ ಏನೂ ಮೂಡಲಿಲ್ಲ. "ಪ್ರೊಸೆಸರ್ ಕೂರಿಸಿದ್ದು ಇವನೇ ಸಾರ್" ಎಂದು ಒಬ್ಬನು ಇನ್ನೊಬ್ಬನ ಕಡೆಗೆ ಕೈ ತೋರಿಸಿದ. ಆ ಹುಡುಗ ತಲೆ ತಗ್ಗಿಸಿದ. ನಾನೂ ಹಾಗೆಯೇ ಭಾವಿಸಿ ಅಂಗಡಿಯವರಿಗೆ ಪತ್ರ ಬರೆಯತೊಡಗಿದೆ. ಪರೀಕ್ಷಿಸದೆ ತೀರ್ಪು ಕೊಡುವುದು ವಿಜ್ಞಾನ ಬೋಧಿಸುವವನಿಗೆ ಒಪ್ಪುವ ಮಾತಲ್ಲವೆಂದು ಆಮೇಲೆ ತೋರಿತು. ಪತ್ರವನ್ನು ಅಲ್ಲಿಗೇ ನಿಲ್ಲಿಸಿ, ಸೋಮವಾರ ಎಲ್ಲವನ್ನೂ ಮೊದಲಿನಿಂದ ನೋಡೋಣವೆಂದು ಹುಡುಗರಿಗೆ ಹೇಳಿದೆ.

ಯಂತ್ರವು ಎಚ್ಚರಗೊಳ್ಳುವ ಬಗೆ

ದೋಷವನ್ನು ಹುಡುಕುವ ಮುನ್ನ ಯಂತ್ರವು ಯಾವ ಕ್ರಮದಲ್ಲಿ ಎಚ್ಚರಗೊಳ್ಳುತ್ತದೆಂಬುದನ್ನು ತಿಳಿದಿರಬೇಕು. ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯು 12, 5 ಮತ್ತು 3.3 ವೋಲ್ಟ್‌ಗಳ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಯಂತ್ರವು ನಿದ್ರಿಸುತ್ತಿರುವಾಗಲೂ 5 ವೋಲ್ಟ್‌ನ ಒಂದು ಸಣ್ಣ ಧಾರೆಯು ಮದರ್‌ಬೋರ್ಡಿಗೆ ಹರಿಯುತ್ತಲೇ ಇರುತ್ತದೆ. ಗುಂಡಿಯನ್ನು ಒತ್ತಿದಾಗ ಬೋರ್ಡು ಎಸ್‌ಎಂಪಿಎಸ್‌ಗೆ ಸಂಜ್ಞೆ ಕಳಿಸುತ್ತದೆ. ಎಲ್ಲ ವೋಲ್ಟೇಜುಗಳೂ ಸ್ಥಿರಗೊಂಡ ಬಳಿಕ, ಸಾಮಾನ್ಯವಾಗಿ ಅರ್ಧ ಸೆಕೆಂಡಿನೊಳಗೆ, "ವಿದ್ಯುತ್ ಸರಿಯಾಗಿದೆ" ಎಂಬ ಮರುಸಂಜ್ಞೆ ಬರುತ್ತದೆ. ಆನಂತರವೇ ಪ್ರೊಸೆಸರ್ ಕಾರ್ಯಾರಂಭ ಮಾಡುತ್ತದೆ.

ಮುಂದಿನದು ಸ್ವಪರೀಕ್ಷೆ. 1981ರಲ್ಲಿ ಹೊರಬಂದ ಐಬಿಎಂ ಪಿಸಿಯಲ್ಲಿಯೂ ಈ ಏರ್ಪಾಡಿತ್ತು. ಎಲ್ಲವೂ ಸರಿಯಿದ್ದರೆ ಅದು ಒಂದು ಸಲ ಕಿರಿದಾಗಿ "ಬೀಪ್" ಎನ್ನುತ್ತಿತ್ತು. ಇಂದಿನ ಯಂತ್ರವೂ ಪ್ರೊಸೆಸರ್, ರ್‍ಯಾಮ್, ಚಿತ್ರಭಾಗ, ಸಂಗ್ರಹ ಎಂಬ ಅಂಗಗಳನ್ನು ಒಂದೊಂದಾಗಿ ಪರೀಕ್ಷಿಸಿಕೊಳ್ಳುತ್ತದೆ. ಈ ಸರಪಳಿಯಲ್ಲಿ ಯಾವ ಕೊಂಡಿ ಕಡಿದಿದ್ದರೂ ನಮಗೆ ಕಾಣುವುದು ಒಂದೇ ಕತ್ತಲೆಯ ಪರದೆ. ಆದುದರಿಂದ "ಏನು ಕೆಟ್ಟಿದೆ?" ಎಂದು ಕೇಳುವುದಕ್ಕಿಂತ "ಎಲ್ಲಿಯವರೆಗೆ ಬಂದು ನಿಂತಿದೆ?" ಎಂದು ಕೇಳುವುದು ಮೇಲು.

ಲಕ್ಷಣಗಳ ವಿಂಗಡಣೆ

1. ಯಾವ ಚಲನೆಯೂ ಇಲ್ಲದಿರುವುದು: ಫ್ಯಾನು ತಿರುಗುವುದಿಲ್ಲ, ದೀಪ ಹೊತ್ತುವುದಿಲ್ಲ. ಮೊದಲು ಗೋಡೆಯ ಸ್ವಿಚ್ಚನ್ನೂ ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್ಚನ್ನೂ ನೋಡಬೇಕು. ಬಳಿಕ 24 ಪಿನ್ನುಗಳ ದೊಡ್ಡ ಜೋಡಣೆಯು ಪೂರ್ಣವಾಗಿ ಕುಳಿತು ಕೊಕ್ಕೆ ಸಿಕ್ಕಿದೆಯೇ ಎಂದು ಪರೀಕ್ಷಿಸಬೇಕು. ಇವೆಲ್ಲ ಸರಿಯಿದ್ದರೆ ಕ್ಯಾಬಿನೆಟ್ಟಿನ ಗುಂಡಿಯ ತಂತಿಯ ಮೇಲೆ ಸಂಶಯ ಪಡಬೇಕು. ಅದು ಬೋರ್ಡಿನ ಅಂಚಿನ ಎರಡು ಸಣ್ಣ ಪಿನ್ನುಗಳಿಗೆ ಸೇರತಕ್ಕದ್ದು. ತಂತಿಯನ್ನು ತೆಗೆದು, ಕೈಪಿಡಿಯಲ್ಲಿ ತೋರಿಸಿದ ಆ ಎರಡೇ ಪಿನ್ನುಗಳನ್ನು ತಿರುಪುಳಿಯ ತುದಿಯಿಂದ ಕ್ಷಣಕಾಲ ಮುಟ್ಟಿಸಿದಾಗ ಯಂತ್ರವು ಎದ್ದರೆ ದೋಷವಿರುವುದು ಗುಂಡಿಯಲ್ಲಿ ಅಥವಾ ಅದರ ತಂತಿಯಲ್ಲಿ.

2. ಕ್ಷಣಕಾಲ ತಿರುಗಿ ನಿಲ್ಲುವುದು: ಇದು ಬಹುಮಟ್ಟಿಗೆ ರಕ್ಷಣಾ ಕ್ರಮ. ಕ್ಯಾಬಿನೆಟ್ಟಿನಲ್ಲಿ ಬೋರ್ಡನ್ನು ಎತ್ತರಿಸಿ ಹಿಡಿಯುವ ಹಿತ್ತಾಳೆಯ ಕಂಬವೊಂದು ತಪ್ಪಾದ ಸ್ಥಳದಲ್ಲಿದ್ದು ಬೋರ್ಡಿನ ಬೆನ್ನನ್ನು ತಾಗಿದರೂ ಹೀಗಾಗಬಹುದು. ಯಂತ್ರವು ಕೆಲವು ಸೆಕೆಂಡು ನಡೆದು ಆರಿದರೆ ಪ್ರೊಸೆಸರಿನ ಕೂಲರ್ ಗಟ್ಟಿಯಾಗಿ ಕುಳಿತಿದೆಯೇ, ಅದರ ತಳದ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯಲಾಗಿದೆಯೇ ಎಂದು ನೋಡಬೇಕು.

3. ಫ್ಯಾನುಗಳು ತಿರುಗುತ್ತಿದ್ದು ಚಿತ್ರ ಬಾರದಿರುವುದು: ಎಲ್ಲಕ್ಕಿಂತ ಹೆಚ್ಚಾಗಿ ದಾರಿ ತಪ್ಪಿಸುವ ಲಕ್ಷಣ ಇದು. ಫ್ಯಾನು ತಿರುಗಿತೆಂದರೆ ವಿದ್ಯುತ್ ಬಂದಿದೆಯೆಂದಷ್ಟೇ ಅರ್ಥ. ಪ್ರೊಸೆಸರ್ ಕೆಲಸ ಮಾಡುತ್ತಿದೆಯೆಂದಲ್ಲ. ಮಾನಿಟರಿನ ತಂತಿಯು ಗ್ರಾಫಿಕ್ಸ್ ಕಾರ್ಡಿಗೆ ಸೇರುವ ಬದಲು ಬೋರ್ಡಿಗೆ ಸೇರಿರಬಹುದು. ಇಂಟೆಲ್ ಪ್ರೊಸೆಸರಿನ ಹೆಸರು "ಎಫ್" ಅಕ್ಷರದಿಂದ ಕೊನೆಗೊಂಡಿದ್ದರೆ ಅದರೊಳಗೆ ಚಿತ್ರಭಾಗವೇ ಇರುವುದಿಲ್ಲ. ಅದಕ್ಕೆ ಪ್ರತ್ಯೇಕ ಕಾರ್ಡು ಅನಿವಾರ್ಯ. ರ್‍ಯಾಮ್ ಪಟ್ಟಿಯು ಒಂದು ತುದಿಯಲ್ಲಿ ಮಾತ್ರ ಕುಳಿತಿರಬಹುದು. ಹಳೆಯ ಬೋರ್ಡಿಗೆ ಆಮೇಲೆ ಬಂದ ಪ್ರೊಸೆಸರನ್ನು ಹಾಕಿದ್ದರೆ ಬೋರ್ಡಿನ ಬಯಾಸ್‌ಗೆ ಅದರ ಪರಿಚಯವೇ ಇಲ್ಲದಿರಬಹುದು. ಹೊಸ ಡಿಡಿಆರ್‌5 ರ್‍ಯಾಮ್ ಇರುವ ಯಂತ್ರವು ಮೊದಲ ಸಲ ಸ್ಮೃತಿಯನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷಗಳನ್ನೇ ತೆಗೆದುಕೊಳ್ಳುವುದುಂಟು. ಆಗ ಬೇಕಾದುದು ತಾಳ್ಮೆಯೊಂದೇ.

ಕನಿಷ್ಠ ಜೋಡಣೆಯ ಪರೀಕ್ಷೆ

ಮೇಲಿನ ಪರಿಶೀಲನೆಯಿಂದ ಫಲ ದೊರೆಯದಿದ್ದರೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು, ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲಿಡಬೇಕು. ಪ್ರೊಸೆಸರ್, ಕೂಲರ್, ಒಂದೇ ಒಂದು ರ್‍ಯಾಮ್ ಪಟ್ಟಿ, ಎಸ್‌ಎಂಪಿಎಸ್, ಅಗತ್ಯವಿದ್ದರೆ ಗ್ರಾಫಿಕ್ಸ್ ಕಾರ್ಡು: ಇಷ್ಟೇ ಇರಲಿ. ಡಿಸ್ಕನ್ನೂ ಉಳಿದೆಲ್ಲವನ್ನೂ ತೆಗೆದಿಡಬೇಕು. ಈ ಸ್ಥಿತಿಯಲ್ಲಿ ಯಂತ್ರವು ಎದ್ದರೆ ತೆಗೆದುದನ್ನು ಒಂದೊಂದಾಗಿ ಮರಳಿ ಸೇರಿಸುತ್ತ, ಪ್ರತಿ ಸಲವೂ ಚಾಲನೆ ಕೊಟ್ಟು ನೋಡಬೇಕು. ಒಮ್ಮೆಗೆ ಒಂದೇ ಬದಲಾವಣೆ ಎಂಬುದು ಇಲ್ಲಿಯ ಮುಖ್ಯ ನಿಯಮ. ಎರಡನ್ನು ಒಟ್ಟಿಗೆ ಬದಲಿಸಿದವನು ಯಂತ್ರವನ್ನು ಎಬ್ಬಿಸಬಹುದು; ಅದು ಏಕೆ ಎದ್ದಿತೆಂದು ಹೇಳಲಾರ.

ಇಂದಿನ ಅನೇಕ ಬೋರ್ಡುಗಳಲ್ಲಿ ಸ್ವಪರೀಕ್ಷೆಯು ಎಲ್ಲಿ ನಿಂತಿತೆಂದು ತೋರಿಸುವ ನಾಲ್ಕು ಪುಟ್ಟ ದೀಪಗಳಿರುತ್ತವೆ. ದೀಪಗಳಿಲ್ಲದ ಕೆಲವು ಬೋರ್ಡುಗಳಿಗೆ ಸಣ್ಣದೊಂದು ಬೀಪ್ ಸ್ಪೀಕರನ್ನು ಸಿಕ್ಕಿಸಬಹುದು. ರ್‍ಯಾಮನ್ನು ಪೂರ್ತಿ ತೆಗೆದು ಚಾಲನೆ ಕೊಟ್ಟಾಗ ಬೋರ್ಡು ರ್‍ಯಾಮ್ ಇಲ್ಲವೆಂದು ದೂರಿದರೆ ಸಂತೋಷಪಡಬೇಕು. ದೂರುವಷ್ಟು ಶಕ್ತಿ ಬೋರ್ಡಿಗೂ ಪ್ರೊಸೆಸರಿಗೂ ಇದೆಯೆಂದು ಅದರಿಂದ ತಿಳಿಯುತ್ತದೆ.

ಕೆಲವು ಎಚ್ಚರಿಕೆಗಳು

ಯಾವ ಭಾಗವನ್ನು ತೆಗೆಯುವ ಅಥವಾ ಹಾಕುವ ಮುನ್ನವೂ ಗೋಡೆಯ ಪ್ಲಗ್ಗನ್ನು ಕಿತ್ತಿಡಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಲಾಗದು; ಪ್ಲಗ್ಗು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ ಉಳಿದಿರಬಹುದು. ಪ್ರೊಸೆಸರಿನ ತಾಣದ ಪಿನ್ನುಗಳನ್ನು ಬೆರಳಿನಿಂದ ಮುಟ್ಟಬಾರದು. 2021ರಲ್ಲಿ ಬಂದ ಎಲ್‌ಜಿಎ 1700 ಎಂಬ ತಾಣದಲ್ಲಿ ಹೆಸರೇ ಹೇಳುವಂತೆ 1,700 ಸ್ಪರ್ಶಬಿಂದುಗಳಿವೆ. ಅವುಗಳಲ್ಲಿ ಒಂದು ಬಾಗಿದರೂ ಯಂತ್ರವು ಏಳದೆ ಹೋಗಬಹುದು. ಪ್ರೊಸೆಸರಿನ ವಿದ್ಯುತ್ ತಂತಿ ಮತ್ತು ಗ್ರಾಫಿಕ್ಸ್ ಕಾರ್ಡಿನ ವಿದ್ಯುತ್ ತಂತಿಗಳ ತುದಿಗಳು ನೋಟಕ್ಕೆ ಒಂದೇ ತೆರನಾಗಿದ್ದರೂ ಬೇರೆ ಬೇರೆ. ಸೇರದಿದ್ದುದನ್ನು ಬಲದಿಂದ ಒತ್ತಬಾರದು.

ನಮ್ಮ ಯಂತ್ರದಲ್ಲಿದ್ದ ದೋಷ

ಸೋಮವಾರ ಹುಡುಗರು ಈ ಕ್ರಮದಲ್ಲಿಯೇ ನಡೆದರು. ಚಾಲನೆ ಕೊಟ್ಟಾಗ ಬೋರ್ಡಿನ ಮೇಲೆ ಪ್ರೊಸೆಸರಿನ ದೀಪ ಕೆಂಪಾಗಿ ಉರಿಯುತ್ತಿತ್ತು. ಎಲ್ಲರೂ ಮತ್ತೆ ಅದೇ ಹುಡುಗನನ್ನು ನೋಡಿದರು. ಪ್ರೊಸೆಸರನ್ನು ಬಿಚ್ಚುವ ಮುನ್ನ ಅದಕ್ಕೆ ವಿದ್ಯುತ್ ತಲುಪುತ್ತಿದೆಯೇ ಎಂದು ನೋಡಬೇಕಷ್ಟೆ. ಪ್ಲಗ್ಗು ಕಿತ್ತು ತಂತಿಯ ಜಾಡು ಹಿಡಿದು ಹೋದವನೂ ಅವನೇ. ಬೋರ್ಡಿನ ಮೇಲ್ಮೂಲೆಯಲ್ಲಿದ್ದ, ಪ್ರೊಸೆಸರಿಗೆ 12 ವೋಲ್ಟ್ ಒಯ್ಯುವ 8 ಪಿನ್ನುಗಳ ತಾಣವು ಖಾಲಿಯಾಗಿತ್ತು. ಅದಕ್ಕೆ ಸೇರಬೇಕಾದ ತಂತಿಯು ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ, ಉಳಿದ ತಂತಿಗಳೊಡನೆ ಅಚ್ಚುಕಟ್ಟಾಗಿ ಕಟ್ಟಲ್ಪಟ್ಟಿತ್ತು. ಹಾಗೆ ಕಟ್ಟಿದವನು ನಾನೇ. ಹುಡುಗರ ಕೆಲಸ ಒಪ್ಪವಾಗಿ ಕಾಣಲೆಂದು ಕೊನೆಯಲ್ಲಿ ತಂತಿಗಳನ್ನು ಒಟ್ಟುಗೂಡಿಸಿದ್ದೆ. ಆ ಮಾತನ್ನು ತರಗತಿಯ ಮುಂದೆಯೇ ಹೇಳಿದೆ. ತಂತಿಯನ್ನು ಸಿಕ್ಕಿಸಿ ಗುಂಡಿ ಒತ್ತಿದಾಗ ಪರದೆಯ ಮೇಲೆ ಅಕ್ಷರಗಳು ಮೂಡಿದವು.

ಆ ಪತ್ರವನ್ನು ಕಳಿಸಿದ್ದರೆ ಒಳ್ಳೆಯದೊಂದು ಪ್ರೊಸೆಸರ್ ಅಂಗಡಿಗೆ ಹೋಗಿ ಬರುತ್ತಿತ್ತು. ಅದೇನೂ ದೊಡ್ಡ ನಷ್ಟವಲ್ಲ. ಆದರೆ ಯಂತ್ರವನ್ನು ಕೆಡಿಸಿದವನೆಂಬ ಹೆಸರು ಆ ಹುಡುಗನ ಮೇಲೆ ಉಳಿಯುತ್ತಿತ್ತು, ಅವನು ಇನ್ನೊಮ್ಮೆ ತಿರುಪುಳಿಯನ್ನು ಮುಟ್ಟುತ್ತಿದ್ದನೋ ಇಲ್ಲವೋ ಹೇಳಲಾರೆ. ಕ್ರಮವಾದ ಪರೀಕ್ಷೆಯು ಯಂತ್ರವನ್ನು ಮಾತ್ರವಲ್ಲ, ಅದನ್ನು ಜೋಡಿಸಿದ ಕೈಯನ್ನೂ ಕಾಪಾಡುತ್ತದೆ. ಪ್ರಯೋಗಶಾಲೆಗೆ ನೆರವಾದ ಮಹನೀಯರಿಗೆ ಒಪ್ಪಿಸಬಹುದಾದ ಲೆಕ್ಕಗಳಲ್ಲಿ ಇದೂ ಒಂದೆಂದು ಭಾವಿಸುತ್ತೇನೆ. ಆ ಯಂತ್ರವು ಈಗ ನಡೆಯುತ್ತಿದೆ. ಮುಂದಿನದನ್ನು ಜೋಡಿಸುವಾಗ ತಂತಿಗಳನ್ನು ಕಟ್ಟುವ ಕೆಲಸವನ್ನು ಹುಡುಗರು ನನಗೆ ಬಿಡುವುದಿಲ್ಲವೆಂದು ಹೇಳಿದ್ದಾರೆ.